ಅಡ್ಡ ಇಡುವವನ ಹೊಟ್ಟೆಕಿಚ್ಚು

ನಾನು ಲಾರಿ ಬಿಡಲು ಕಲಿತದ್ದು ಹಂಚಿನ ರಾಶಿಯ ಮೇಲೆ ಕುಳಿತು. ಈಗಿನ ಹುಡುಗರಿಗೆ ಹೀಗೆಂದರೆ ನಗು ಬರುತ್ತದೆ. ನಗಲಿ. ಅವರು ಡ್ರೈವಿಂಗ್ ಸ್ಕೂಲಿನ ಸಣ್ಣ ಕಾರಿನಲ್ಲಿ ಮೈದಾನದ ಸುತ್ತ ಎಂಟು ಬರೆದು, ಲೈಸೆನ್ಸು ಕಿಸೆಗೆ ಹಾಕಿಕೊಂಡು, "ಹಸನಬ್ಬಾಕ, ಲಾರಿ ಕಂಪೆನಿಗೆ ಸೇರ್ತೇನೆ, ನಿಮ್ಮ ಅನುಭವ ಸ್ವಲ್ಪ ಹೇಳಿ" ಎಂದು ಉಳ್ಳಾಲದ ನಮ್ಮ ಮನೆಯ ಜಗಲಿಗೆ ಬರುತ್ತಾರೆ. ನಾನು ಎಷ್ಟು ವರ್ಷ ಓಡಿಸಿದೆ, ಎಷ್ಟು ದೂರ ಹೋಗಿದ್ದೇನೆ, ಕಂಪೆನಿ ಎಂತ ಶಾಲು ಹೊದೆಸಿತು, ಇದೆಲ್ಲ ಕೇಳುತ್ತಾರೆ. ಅದನ್ನು ಕೇಳಿ ಯಾರಿಗೂ ಲಾರಿ ಬಿಡಲು ಬರುವುದಿಲ್ಲ. ಹೇಳಬೇಕಾದ ವಿಷಯ ಬೇರೆ ಉಂಟು. ಈ ಕೆಲಸ ನನಗೆ ಕಲಿಸಿದ್ದು ಅರ್ಧ ಮೋನಪ್ಪಣ್ಣ, ಇನ್ನರ್ಧ ಹೊಟ್ಟೆಕಿಚ್ಚು. ಅದನ್ನು ಬಿಟ್ಟು ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಐವತ್ತರ ದಶಕದ ಮಾತು. ಉಳ್ಳಾಲಕ್ಕೆ ಬಸ್ಸು ಹೋಗುವ ಸೇತುವೆ ಆಗ ಇರಲಿಲ್ಲ. ದೋಣಿಯಲ್ಲಿ ನೇತ್ರಾವತಿ ದಾಟಿ, ಅಲ್ಲಿಂದ ನಡೆದು ಬಂದರಿಗೆ ಹೋಗಬೇಕು. ಬಂದರಿನಲ್ಲಿ ಆಗಿನ ದೊಡ್ಡ ಸಾಗಾಟದ ಕಂಪೆನಿಯ ಯಾರ್ಡ್ ಇತ್ತು, ಬಲ್ಮಠದಲ್ಲಿ ಆಫೀಸು. ಇಲ್ಲಿಂದ ಘಟ್ಟದ ಮೇಲಕ್ಕೆ ಹಂಚು, ಉಪ್ಪು. ಮೇಲಿನಿಂದ ಕೆಳಕ್ಕೆ ಕಾಫಿ. ನನ್ನ ಬಾಪನದು ಒಣಮೀನಿನ ವ್ಯಾಪಾರ. ಅಂಗಡಿಯಲ್ಲಿ ಕೂರು ಎಂದರು, ನಾನು ಕೂರಲಿಲ್ಲ. ಲಾರಿಯ ಹುಚ್ಚು. ಕೊನೆಗೆ ಬಾಪ ಒಂದು ಮಾತು ಹೇಳಿದರು: "ಬರುವ ವರ್ಷದ ಪೆರ್ನಾಲ್ ಹಬ್ಬದ ಒಳಗೆ ನಿನ್ನ ಕೈಗೆ ಲಾರಿ ಕೊಟ್ರೆ ಸರಿ. ಇಲ್ಲದಿದ್ರೆ ಹಬ್ಬದ ಮರುದಿನ ಅಂಗಡಿಗೆ ಬಂದು ಕೂರ್ಬೇಕು. ಮತ್ತೆ ನನ್ನ ಹತ್ರ ಚರ್ಚೆ ಇಲ್ಲ." ನಮ್ಮ ಬಾಪ ಹೇಳಿದರೆ ಹೇಳಿದ್ದೇ. ನಾನು ಒಪ್ಪಿಕೊಂಡೆ.

ನಾನು ಟ್ರೈನಿಯಾಗಿ ಸೇರಿದ ದಿನವೇ ಬಿಕರ್ನಕಟ್ಟೆಯ ಗಿಲ್ಬರ್ಟ್ ಕೂಡ ಸೇರಿದ. ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ಗಿಲ್ಬರ್ಟ್ ನೋಡಲು ಚಂದ. ಇಸ್ತ್ರಿ ಹಾಕಿದ ಪ್ಯಾಂಟು, ಕಾಲಿಗೆ ಬೂಟು. ನನ್ನದು ಮುಂಡು, ಕಾಲಿಗೆ ಏನೂ ಇಲ್ಲ. ಮ್ಯಾನೇಜರ್ ಕಾಮತರು ಯಾರ್ಡಿಗೆ ಬಂದರೆ ನಾವೆಲ್ಲ ಕೈಕಟ್ಟಿ ನಿಲ್ಲುತ್ತಿದ್ದೆವು. ಅವನು "ಗುಡ್ ಮಾರ್ನಿಂಗ್ ಸಾರ್" ಎಂದು ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದ. ಕಾಮತರೂ ನಗುತ್ತಿದ್ದರು. ಅವನ ಅಮ್ಮ ಶಾಲೆಯಲ್ಲಿ ಟೀಚರಂತೆ, ಮಾವ ಬಸ್ಸಿನ ಡ್ರೈವರಂತೆ. ಬಾಯಲ್ಲಿ ಯಾವಾಗಲೂ ಸಿಳ್ಳೆ. ಆ ಸಿಳ್ಳೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ನನಗೆ ಎಂತ ಮಾಡಿದ್ದ? ಏನೂ ಮಾಡಿರಲಿಲ್ಲ. ಏನಾದರೂ ಮಾಡಿದ್ದರೆ ಒಂದು ಜಗಳ ಮಾಡಿ ಮುಗಿಸಬಹುದಿತ್ತು.

ನಮ್ಮಿಬ್ಬರನ್ನೂ ಮೋನಪ್ಪಣ್ಣನ ಕೈಗೆ ಕೊಟ್ಟರು. ಅವರು ಕಂಪೆನಿಯ ಎಲ್ಲರಿಗಿಂತ ಹಿರಿಯ ಡ್ರೈವರ್. ಹೊಟ್ಟೆ ಬಂದ ದೊಡ್ಡ ಆಳು, ಮಾತು ಕಡಿಮೆ. ಅವರು ಯಾರ್ಡಿಗೆ ಕಾಲಿಟ್ಟರೆ ಬೇರೆ ಡ್ರೈವರುಗಳು ಬೀಡಿ ಬಿಸಾಡುತ್ತಿದ್ದರು, ಚಹಾ ತಾವೇ ತಂದುಕೊಡುತ್ತಿದ್ದರು. ಬ್ರೇಕ್ ಇನ್ಸ್‌ಪೆಕ್ಟರ್ ಲೈಸೆನ್ಸು ಕೊಟ್ಟರೂ ನಮ್ಮ ಕಂಪೆನಿಯಲ್ಲಿ ಲಾರಿ ಸಿಗುತ್ತಿರಲಿಲ್ಲ. ಟ್ರೈನಿಯನ್ನು ಮೋನಪ್ಪಣ್ಣ ಚಾರ್ಮಾಡಿ ಘಾಟಿ ಹತ್ತಿಸಿ ನೋಡಬೇಕು. ಅವರು ಕಾಮತರಿಗೆ "ಇವನಿಗೆ ಆಗ್ತದೆ" ಎನ್ನಬೇಕು. ಆ ಎರಡು ಶಬ್ದ ಬಂದರೆ ನೀನು ಡ್ರೈವರ್, ಬರದಿದ್ದರೆ ಸಾಯುವವರೆಗೆ ಟ್ರೈನಿ.

ಮೊದಲನೇ ದಿನ ನಮ್ಮನ್ನು ಹಂಚು ತುಂಬಿದ ಲಾರಿಯ ಮೇಲೆ, ಬೈಹುಲ್ಲು ಹಾಸಿದ ರಾಶಿಯ ನಡುವೆ ಕೂರಿಸಿದರು.

"ಇಲ್ಲಿ ಎಂತ ಮಾಡುದು ಮೋನಪ್ಪಣ್ಣ?" ಎಂದು ಗಿಲ್ಬರ್ಟ್ ಕೇಳಿದ.

"ಕೂರುದು. ನಾನು ಎಲ್ಲಿ ಚಂದ ಬಿಟ್ಟೆ, ಎಲ್ಲಿ ಹಾಳು ಬಿಟ್ಟೆ, ಇಳಿದ ಮೇಲೆ ಹೇಳ್ಬೇಕು. ಮೊದಲು ನಿಮ್ಮ ಕುಂಡೆಗೆ ಗೊತ್ತಾಗ್ಲಿ, ಮತ್ತೆ ಕೈಗೆ ಕೊಡ್ತೇನೆ."

ಮಳೆಗಾಲ ಮುಗಿಯುವವರೆಗೆ ಇದೇ ಪಾಠ. ಬಂಟ್ವಾಳ ದಾಟುವಾಗ ರಸ್ತೆ ಅಂದರೆ ಹೊಂಡ. ಬ್ರೇಕು ಸ್ವಲ್ಪ ಜೋರಾಗಿ ಹಾಕಿದರೂ ಅಡಿಯಲ್ಲಿ ಹಂಚು ಕಟಕ್ಕೆನ್ನುತ್ತಿತ್ತು. ಎಲ್ಲಿ ಕ್ಲಚ್ಚು ಬೇಗ ಬಿಟ್ಟರು, ಎಲ್ಲಿ ಗೇರು ಒಂದು ಗಳಿಗೆ ತಡವಾಯಿತು ಎಂದು ನನ್ನ ಬೆನ್ನುಮೂಳೆಗೇ ತಿಳಿಯತೊಡಗಿತು. ಈ ಒಂದು ವಿಷಯದಲ್ಲಿ ನಾನು ಗಿಲ್ಬರ್ಟನಿಗಿಂತ ಚುರುಕಾಗಿದ್ದೆ. ಅವನು ರಾಶಿಯ ಮೇಲೆ ನಿದ್ದೆ ಮಾಡುತ್ತಿದ್ದ. ಇಳಿದ ಮೇಲೆ ಮೋನಪ್ಪಣ್ಣ ಕೇಳಿದರೆ, "ಎಲ್ಲಾ ಕಡೆ ಚಂದ ಬಿಟ್ರಿ" ಎನ್ನುತ್ತಿದ್ದ. ಅದಕ್ಕೂ ಅವರಿಗೆ ನಗು! ನಾನು ಒಂದೊಂದು ತಿರುವಿನ ತಪ್ಪು ಹೇಳಿದರೆ ಮುಖ ಗಂಟು ಹಾಕಿ "ಹೂಂ" ಎನ್ನುತ್ತಿದ್ದರು.

ಆಗಿನ ಎಂಜಿನಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು ಹಿಡಿಯಬೇಕು, ಮುಷ್ಟಿ ಕಟ್ಟಿ ಹಿಡಿಯಬಾರದು ಎಂದು ಮೋನಪ್ಪಣ್ಣ ಹೇಳಿದ್ದರು. ಗಿಲ್ಬರ್ಟ್ ಒಂದೇ ಸುತ್ತಿಗೆ ಸ್ಟಾರ್ಟ್ ಮಾಡಿದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅವನಿಗಿಂತ ಜೋರಾಗಿ ತಿರುಗಿಸಬೇಕೆಂದು ಮುಷ್ಟಿ ಕಟ್ಟಿದೆ. ಹ್ಯಾಂಡಲ್ ವಾಪಸು ಹೊಡೆಯಿತು, ಹೆಬ್ಬೆರಳು ಬದನೆಕಾಯಿಯಷ್ಟು ದಪ್ಪ ಆಯಿತು. ಓಡಿ ಬಂದು ಬೆರಳಿಗೆ ಬಟ್ಟೆ ಕಟ್ಟಿದವನೂ ಅವನೇ. ಕಟ್ಟುವಾಗಲೂ ಸಿಳ್ಳೆ. ಹುಡುಗರೇ, ನಿಮಗೆ ಸೆಲ್ಫ್ ಸ್ಟಾರ್ಟ್ ಉಂಟು, ನಿಮ್ಮ ಹೆಬ್ಬೆರಳು ಬಚಾವ್. ಆದರೆ ಪಕ್ಕದವನನ್ನು ನೋಡಿ ಕೆಲಸ ಮಾಡುವ ಚಾಳಿಗೆ ಇನ್ನೂ ಯಾವ ಕಂಪೆನಿಯೂ ಬಟನ್ ಇಟ್ಟಿಲ್ಲ.

ಮಳೆಗಾಲ ಮುಗಿದ ಮೇಲೆ ನಮಗೆ ಸ್ಟಿಯರಿಂಗ್ ಮುಟ್ಟಲು ಸಿಕ್ಕಿತು, ಬಯಲಿನಲ್ಲಿ ಮಾತ್ರ. ಘಾಟಿಯಲ್ಲಿ ನನಗೆ ಬೇರೆ ಕೆಲಸ ಕೊಟ್ಟರು. ಅದರ ಹೆಸರು 'ಅಡ್ಡ'. ಇದೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಈಗಿನವರು ಅದನ್ನು ನೋಡಿಯೇ ಇಲ್ಲ.

ಆಗಿನ ಲಾರಿಯ ಹ್ಯಾಂಡ್‌ಬ್ರೇಕನ್ನು ನಂಬಿದರೆ ಕಥೆ ಮುಗಿಯಿತು. ಬಯಲಿನಲ್ಲಿ ಹಿಡಿಯುತ್ತಿತ್ತು, ಲೋಡು ಹಾಕಿ ಏರು ಹತ್ತಿದರೆ ಜಾರುತ್ತಿತ್ತು. ಏರಿನಲ್ಲಿ ನಿಂತ ಲಾರಿಯನ್ನು ಮತ್ತೆ ಎಬ್ಬಿಸಬೇಕಾದರೆ ಡ್ರೈವರ್ ಬ್ರೇಕಿನ ಮೇಲಿನ ಕಾಲನ್ನು ತೆಗೆದು ಆಕ್ಸಿಲೇಟರಿಗೆ ಹಾಕಬೇಕಲ್ಲ? ಕಾಲು ತೆಗೆದ ಕೂಡಲೇ ಲಾರಿ ಹಿಂದೆ ಹೋಗುತ್ತದೆ, ಹಿಂದೆ ಪ್ರಪಾತ. ಅದಕ್ಕೆ ಹಿಂದಿನ ಹಲಗೆಯ ಮೇಲೆ ಒಬ್ಬ ಮರದ ದೊಡ್ಡ ತುಂಡು ಹಿಡಿದು ನಿಂತಿರುತ್ತಿದ್ದ. ಲಾರಿ ನಿಧಾನವಾದ ಕೂಡಲೇ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಆ ತುಂಡನ್ನು ಅಡ್ಡ ಇಡಬೇಕು. ದೂರ ಇಟ್ಟರೆ ಚಕ್ರ ಓಟ ಹಿಡಿದು ಅದರ ಮೇಲೆ ಹತ್ತಿ ಆಚೆ ಹೋಗುತ್ತದೆ. ತೀರ ಹತ್ತಿರ ಇಡಲು ಹೋದರೆ ನಿನ್ನ ಬೆರಳೂ ಅದರ ಜತೆಗೆ ಹೋಗುತ್ತದೆ. ಇಟ್ಟಾದ ಮೇಲೆ "ಉಂಟು!" ಎಂದು ಕೂಗಬೇಕು. ಡ್ರೈವರ್ ಕಾಲು ಬಿಡುತ್ತಾನೆ. ಲಾರಿ ಎದ್ದ ಮೇಲೆ ತುಂಡನ್ನು ಎತ್ತಿಕೊಂಡು ಓಡಿ ಮತ್ತೆ ಹಲಗೆಗೆ ಹಾರಬೇಕು. ನಿನಗಾಗಿ ಲಾರಿ ನಿಲ್ಲುವುದಿಲ್ಲ, ಏರಿನಲ್ಲಿ ನಿಲ್ಲಿಸಬಾರದೆಂಬುದು ಕಟ್ಟುನಿಟ್ಟು. ಹಾರಲು ಆಗದವನು ಸಮತಟ್ಟು ಸಿಗುವವರೆಗೆ ನಡೆದು ಬರಬೇಕು.

ನನಗೆ ಇದು ಕೂಡಲೇ ಹಿಡಿಯಿತು. ಹಂಚಿನ ಮೇಲೆ ಕುಳಿತು ಕಲಿತ ಬೆನ್ನುಮೂಳೆ ಇತ್ತಲ್ಲ, ಲಾರಿ ನಿಲ್ಲುವ ಮೊದಲೇ ನಿಲ್ಲುತ್ತದೆಂದು ಗೊತ್ತಾಗುತ್ತಿತ್ತು. ಗಿಲ್ಬರ್ಟನಿಂದ ಆಗುತ್ತಿರಲಿಲ್ಲ, ಬೂಟು ಜಾರುತ್ತಿತ್ತು. ಹಾಗಾಗಿ ಘಾಟಿಯಲ್ಲಿ ನಾನು ಹಿಂದೆ, ಗಿಲ್ಬರ್ಟ್ ಮುಂದೆ, ಮೋನಪ್ಪಣ್ಣನ ಪಕ್ಕದಲ್ಲಿ. ನಾನು ಡೀಸೆಲ್ ಹೊಗೆ ಕುಡಿಯುತ್ತ ನಿಂತರೆ ಅವನು ಮೋನಪ್ಪಣ್ಣ ಗೇರು ಬದಲಿಸುವುದನ್ನು ಕಣ್ಣಾರೆ ನೋಡುತ್ತ ಕೂತಿರುತ್ತಿದ್ದ. ಚೆನ್ನಾಗಿ ಮಾಡಿದ್ದಕ್ಕೆ ನನಗೆ ಸಿಕ್ಕಿದ ಬಹುಮಾನ ಇದು!

ಚಳಿಗಾಲದ ಒಂದು ಬೆಳಗ್ಗೆ ಮೋನಪ್ಪಣ್ಣ ಘಾಟಿಯ ಬುಡದಲ್ಲಿ ಲಾರಿ ನಿಲ್ಲಿಸಿ ಗಿಲ್ಬರ್ಟನಿಗೆ ಸ್ಟಿಯರಿಂಗ್ ಕೊಟ್ಟರು. ನಾನು ಹಿಂದಿನ ಹಲಗೆಯಿಂದ ಇಣುಕಿ, "ನನಗೆ ಯಾವಾಗ?" ಎಂದೆ. "ನೀನು ಹಿಂದೆ ನೋಡು" ಎಂದರು.

ಮೂರನೇ ತಿರುವಿನಲ್ಲಿ ಅವನಿಗೆ ಗೇರು ಸಿಗಲಿಲ್ಲ. ಎರಡರಿಂದ ತೆಗೆದ, ಒಂದಕ್ಕೆ ಬೀಳಲಿಲ್ಲ. ಗರಗರ ಶಬ್ದ ನನಗೆ ಹಿಂದಕ್ಕೆ ಕೇಳಿಸಿತು. ಲಾರಿ ಒಂದು ಗಳಿಗೆ ನಿಂತ ಹಾಗಾಗಿ ಹಿಂದಕ್ಕೆ ಬರತೊಡಗಿತು. ನಾನು ಆಗಲೇ ಕೆಳಗಿದ್ದೆ. ತುಂಡನ್ನು ದೂಡಿದೆ, ಚಕ್ರ ಅದರ ಮೇಲೆ ಕೂತಿತು, ಮರ ಚರಕ್ಕೆಂದಿತು, ಲಾರಿ ನಿಂತಿತು. ಮೋನಪ್ಪಣ್ಣ ಇಳಿದು ಬಂದರು. ಚಕ್ರ ನೋಡಿದರು, ತುಂಡು ನೋಡಿದರು, ನನ್ನನ್ನು ನೋಡಲಿಲ್ಲ. ವಾಪಸು ಹೋಗಿ ಗಿಲ್ಬರ್ಟನ ಹೆಗಲ ಮೇಲೆ ಕೈ ಇಟ್ಟು, "ಹೆದರ್ಬೇಡ ಮಾರಾಯ, ಎಲ್ಲರಿಗೂ ಆಗ್ತದೆ. ಈಗ ಸಾವಕಾಶ ತೆಗಿ" ಎಂದರು.

ಅಲ್ಲ, ನೀವೇ ಹೇಳಿ! ಲಾರಿ ಬಿಟ್ಟವನು ಅವನು, ಹಿಡಿದವನು ನಾನು, ಸಮಾಧಾನ ಅವನಿಗೆ. ಉಳಿದ ಏರಿನುದ್ದಕ್ಕೂ ನಾನು ಹಲಗೆಯ ಮೇಲೆ ನಿಂತು ಇಬ್ಬರಿಗೂ ನಮ್ಮ ಮನೆಮಾತು ಬ್ಯಾರಿ ಭಾಷೆಯಲ್ಲಿ ಬೈದೆ. ಅವರಿಗೆ ಕೇಳಿಸುವುದಿಲ್ಲ, ಕೇಳಿಸಿದರೂ ಅರ್ಥವಾಗುವುದಿಲ್ಲ.

ಮರುವಾರ ಗಿಲ್ಬರ್ಟ್ ಡ್ರೈವರ್ ಆದ. ಕಂಪೆನಿಗೆ ಬಂದ ಹೊಸ ಲಾರಿಯನ್ನೇ ಅವನಿಗೆ ಕೊಟ್ಟರು. ಖಾಕಿ ಕೋಟೂ ಸಿಕ್ಕಿತು. ಅವನು ಅಮ್ಮ ಮಾಡಿದ ಕೇಕ್ ತಂದು ಯಾರ್ಡಿನಲ್ಲಿ ಹಂಚಿದ. ನನ್ನ ಹತ್ತಿರ ಬಂದು ಎಲ್ಲರಿಗಿಂತ ದೊಡ್ಡ ತುಂಡು ಕೊಟ್ಟು, "ಅವತ್ತು ನೀನಿದ್ದದ್ದು ಒಳ್ಳೆದಾಯ್ತು ಹಸನಬ್ಬ" ಎಂದ. ನನಗೆ ಗಂಟಲಲ್ಲಿ ಇಳಿಯಬಾರದಿತ್ತು. ಇಳಿಯಿತು. ಕೇಕ್ ಚೆನ್ನಾಗಿಯೇ ಇತ್ತು, ಅದಕ್ಕೂ ಸಿಟ್ಟು ಬಂತು.

ಮನೆಯಲ್ಲಿ ಉಮ್ಮನಿಗೆ ಹೇಳಿದೆ. ಉಮ್ಮ ಅಕ್ಕಿ ಗೇರುತ್ತ, "ಅವನಿಗೆ ಕೊಟ್ಟದ್ದಕ್ಕೆ ನಿನಗೆ ಬೇಜಾರಾ, ನಿನಗೆ ಕೊಡದ್ದಕ್ಕಾ?" ಎಂದು ಕೇಳಿದರು. ನಾನು ಯೋಚಿಸಿ, "ಅವನಿಗೆ ಕೊಟ್ಟದ್ದಕ್ಕೆ" ಎಂದೆ. "ಹಾಗಾದ್ರೆ ನಿನಗೆ ಬೇಕಾದ್ದು ಲಾರಿ ಅಲ್ಲ, ಅಂಗಡಿಯಲ್ಲಿ ಕೂತರೂ ಸಾಕು" ಎಂದು ಮೊರ ಕೊಡವಿ ಎದ್ದರು. ಅದು ನಾಟಿತು. ಪೆರ್ನಾಲ್ ಹತ್ತಿರ ಬರುತ್ತಿತ್ತು, ಬಾಪ ಅಂಗಡಿಯಲ್ಲಿ ನನಗೆ ಕೂರಲು ಸ್ಟೂಲನ್ನೂ ಮಾಡಿಸಿ ಇಟ್ಟಿದ್ದರು.

ಮರುದಿನ ಬೆಳಗ್ಗೆ ಬಂದರಿನ ಚಹಾದಂಗಡಿಯಲ್ಲಿ ಮೋನಪ್ಪಣ್ಣನ ಎದುರು ಹೋಗಿ ನಿಂತೆ. ಹಾಗೆ ಅವರ ಎದುರು ಯಾರೂ ನಿಲ್ಲುತ್ತಿರಲಿಲ್ಲ.

"ನಾನು ಎಂತ ತಪ್ಪು ಮಾಡಿದ್ದೇನೆ ಮೋನಪ್ಪಣ್ಣ?"

"ಯಾರು ಹೇಳಿದ್ದು ತಪ್ಪು ಮಾಡಿದ್ದಿ ಅಂತ?"

"ಗಿಲ್ಬರ್ಟನಿಗೆ ಗೇರು ಬೀಳ್ಲಿಲ್ಲ, ಅವನು ಡ್ರೈವರ್. ನನಗೆ ಒಂದು ಸಲ ಹತ್ತಿಸ್ಲಿಕ್ಕೆ ಸಹ ಕೊಡ್ಲಿಲ್ಲ ನೀವು."

ಅವರು ಚಹಾ ಕುಡಿದು ಗ್ಲಾಸು ಕೆಳಗಿಟ್ಟರು. "ಸತ್ಯ ಹೇಳ್ಬೇಕಾ? ನೀನು ಹಿಂದೆ ಇದ್ರೆ ನಾನು ಕನ್ನಡಿ ನೋಡುದಿಲ್ಲ. ಬೇರೆಯವ್ರು ಇಟ್ರೆ ಕಾಲು ಬಿಡುವಾಗ ದೇವರ ಹೆಸರು ಹೇಳ್ಬೇಕಾಗ್ತದೆ. ನಿನ್ನನ್ನು ಮುಂದೆ ಕೂರಿಸಿದ್ರೆ ನನ್ನ ಹಿಂದೆ ಯಾರು ಮಾರಾಯ? ನನಗೆ ಹೆಣ್ಮಕ್ಕಳುಂಟು, ಮದುವೆ ಆಗ್ಲಿಕ್ಕುಂಟು."

ಇಷ್ಟನ್ನು ಅವರು ಯಾವ ನಾಚಿಕೆಯೂ ಇಲ್ಲದೆ ಹೇಳಿದರು. ಹೊಗಳಿಕೆ ಎಂದು ಸಂತೋಷಪಡುವುದೋ, ತಲೆಗೆ ಕೈ ಹೊತ್ತು ಅಳುವುದೋ ನನಗೆ ಗೊತ್ತಾಗಲಿಲ್ಲ. ಕೆಟ್ಟದಾಗಿ ಮಾಡಿದವನು ಮುಂದೆ ಹೋದ, ಚೆನ್ನಾಗಿ ಮಾಡಿದವನನ್ನು ಹಿಂದೆಯೇ ಕಟ್ಟಿಹಾಕಿದರು. ನೀವು ಈ ಕೆಲಸಕ್ಕೆ ಸೇರುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಇದು ಲಾರಿ ಕಂಪೆನಿಯಲ್ಲಿ ಮಾತ್ರ ಆಗುವುದಲ್ಲ.

"ಹಾಗಾದ್ರೆ ಕೇಳಿ. ಪೆರ್ನಾಲ್ ಕಳೆದ್ರೆ ನಾನು ಉಳ್ಳಾಲದಲ್ಲಿ ಒಣಮೀನು ಮಾರ್ತಾ ಇರ್ತೇನೆ. ಆಗ್ಲೂ ನಿಮ್ಮ ಹಿಂದೆ ಯಾರೂ ಇರುದಿಲ್ಲ" ಎಂದೆ. ಚಹಾದಂಗಡಿಯವನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ.

ಮೋನಪ್ಪಣ್ಣ ಎದ್ದು ಟವೆಲು ಕೊಡವಿದರು. "ನಾಳೆ ಬಾ" ಎಂದರು, ಅಷ್ಟೇ.

ಮರುದಿನ ಲಾರಿಯಲ್ಲಿ ನಾವಿಬ್ಬರೇ. ತುಂಬ ಹಂಚು. ಘಾಟಿಯ ಬುಡದಲ್ಲಿ ನಿಲ್ಲಿಸಿ ಅವರು ಇಳಿದರು.

"ಹತ್ತು. ಹಿಡಿ."

"ಹಿಂದೆ ಅಡ್ಡ ಯಾರು ಇಡುದು?"

"ನಾನು."

"ನೀವಾ?"

"ಎಂತ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಪ್ಯಾಂಟಿನ ಕಾಲು ಮಡಚಿ, ಹಿಂದಕ್ಕೆ ನಡೆದು, ಹಲಗೆಯ ಮೇಲೆ ಏದುಸಿರು ಬಿಡುತ್ತ ಹತ್ತಿ ನಿಂತರು. ಆ ಹೊಟ್ಟೆಯನ್ನು ಹೊತ್ತುಕೊಂಡು, ಆ ಮರದ ತುಂಡು ಹಿಡಿದುಕೊಂಡು!

ಮೊದಲ ತಿರುವುಗಳು ಚೆನ್ನಾಗಿಯೇ ಆದವು. ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ನನಗೆ ಗಿಲ್ಬರ್ಟನ ಹಾಗೆ ಸಿಳ್ಳೆ ಹಾಕುವ ಆಸೆಯಾಯಿತು. ಆಗ ತಿರುವಿನ ಮಧ್ಯದಲ್ಲಿ ಮೇಲಿನಿಂದ ಒಂದು ಬಸ್ಸು ಬಂದು ಅಡ್ಡ ನಿಂತಿತು. ಏರುವವರಿಗೆ ದಾರಿ ಬಿಡಬೇಕೆಂಬುದು ಕ್ರಮ, ಆದರೆ ಬಸ್ಸಿನವನು ತಿರುವಿನ ಒಳಗೆ ಬಂದಾಗಿತ್ತು, ಹಿಂದೆ ಹೋಗುವ ಹಾಗಿರಲಿಲ್ಲ. ನಾನು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕು ಎಳೆದೆ. ಲಾರಿ ಜಾರಿತು. ಬ್ರೇಕಿನ ಮೇಲೆ ಎದ್ದು ನಿಂತೆ. ಹಿಂದೆ ಧಡ್ ಎಂದಿತು.

"ಉಂಟು! ಕಾಲು ಬಿಡು!"

ಬಸ್ಸು ಸರಿದು ಪಕ್ಕಕ್ಕೆ ಬಂದಿತು. ಡ್ರೈವರ್ ತಲೆ ಹೊರಗೆ ಹಾಕಿ, "ಎಂತ ಮೋನಪ್ಪಣ್ಣ, ಈ ಪ್ರಾಯದಲ್ಲಿ ಕ್ಲೀನರ್ ಆದದ್ದಾ?" ಎಂದು ದೊಡ್ಡದಾಗಿ ಕೇಳಿದ. ಬಸ್ಸಿನವರೆಲ್ಲ ಕಿಟಕಿಗೆ ಬಂದರು.

"ಹೌದು ಮಾರಾಯ, ಕಲಿತಾ ಇದ್ದೇನೆ!"

ದಾರಿ ಖಾಲಿಯಾಯಿತು. ನನ್ನ ಕಾಲು ಮಾತ್ರ ಬ್ರೇಕಿನಿಂದ ಏಳಲೊಲ್ಲದು. ಅಷ್ಟು ಸಲ ನಾನು ಹಿಂದಿನಿಂದ "ಉಂಟು" ಎಂದು ಕೂಗಿದ್ದೇನೆ, ಮುಂದೆ ಕೂತವನಿಗೆ ಹೀಗಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕನ್ನಡಿಯಲ್ಲಿ ಅವರ ಬೆನ್ನಿನ ಒಂದು ತುಂಡು ಕಾಣುತ್ತಿತ್ತು. ಚಕ್ರದ ಬುಡದಲ್ಲಿ ಬಗ್ಗಿದ್ದರು. ಲಾರಿ ಬಂದರೆ ಮೊದಲು ಅವರ ಮೇಲೆಯೇ ಬರುವುದು.

"ಬಿಡು ಹಸನಬ್ಬ! ನಾನಿದ್ದೇನೆ!"

ಬಿಟ್ಟೆ. ಲಾರಿ ಒಂದು ಕೂದಲಿನಷ್ಟೂ ಹಿಂದೆ ಹೋಗಲಿಲ್ಲ. ಕ್ಲಚ್ಚು ಹಿಡಿಯಿತು, ಮುಂದಕ್ಕೆ ಎದ್ದಿತು. ಮೋನಪ್ಪಣ್ಣನಿಗೆ ಓಡಿ ಹಾರಲು ಆಗಲಿಲ್ಲ, ಆ ಮೈಗೆ ಹೇಗೆ ಆಗುತ್ತದೆ? ನಾನು ನಿಲ್ಲಿಸುವ ಹಾಗಿಲ್ಲ. ತಿರುವು ದಾಟಿ, ಇನ್ನೂ ಎರಡು ದಾಟಿ, ಸಮತಟ್ಟಿನಲ್ಲಿ ನಿಲ್ಲಿಸಿ ಕಾದೆ. ತುಂಬ ಹೊತ್ತಾದ ಮೇಲೆ ಬಂದರು. ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಮರದ ತುಂಡು ಭುಜದ ಮೇಲಿತ್ತು. ಓಡಿ ಹೋಗಿ ಇಸಿದುಕೊಂಡೆ. ಅವರು ಮೋರಿಯ ಮೇಲೆ ಕೂತು ಉಸಿರು ತೆಗೆದರು.

"ಬಿಡುದು ಒಳ್ಳೆದಾಯ್ತು. ಆದ್ರೆ ನೀನು ಕನ್ನಡಿ ತುಂಬ ನೋಡ್ತಿ" ಎಂದರು.

"ಹಿಂದೆ ನೀವಿದ್ದದ್ದಲ್ವಾ" ಎಂದೆ. ಅವರು ನಕ್ಕರು. ನನ್ನ ಮಾತಿಗೆ ಅವರು ನಕ್ಕದ್ದು ಅದೇ ಮೊದಲು.

ಹಬ್ಬಕ್ಕೆ ಮೊದಲೇ ಕಾಮತರು ಕರೆದು ಲಾರಿ ಕೊಟ್ಟರು. ಹಳೆಯ ಲಾರಿ, ಬಾಗಿಲಿಗೆ ಹಗ್ಗ ಕಟ್ಟಬೇಕಿತ್ತು. ಗಿಲ್ಬರ್ಟನದು ಹೊಸದು. ಅದಕ್ಕೆ ನಾನು ಆಗಲೂ ಉರಿದುಕೊಂಡೆ, ಸುಳ್ಳು ಯಾಕೆ ಹೇಳಲಿ. ಮೋನಪ್ಪಣ್ಣನಿಗೆ ಹಿಂದೆ ನಿಲ್ಲಲು ಬೇರೆಯವನು ಬಂದ. ಅವರು ನಿವೃತ್ತಿಯವರೆಗೂ ಅವನಿಗೆ ಬೈಯುತ್ತಲೇ ಇದ್ದರು, ನನಗೆ ಕೇಳಲು ಹಿತವಾಗುತ್ತಿತ್ತು.

ಆದರೆ ಆ ಬಸ್ಸಿನ ಡ್ರೈವರ್ ಸುಮ್ಮನಿರುವವನೇ? ಮಂಗಳೂರಿನ ಯಾವ ಸ್ಟ್ಯಾಂಡಿನಲ್ಲಿ ನಿಂತರೂ ಅದೇ ಸುದ್ದಿ ಹೇಳಿದ. ಗಿಲ್ಬರ್ಟ್ ಯಾರ್ಡಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದ. ಸಿಳ್ಳೆ ಇರಲಿಲ್ಲ.

"ಮೋನಪ್ಪಣ್ಣ ನಿನಗೆ ಅಡ್ಡ ಇಟ್ಟದ್ದಂತೆ, ಹೌದಾ?"

"ಹೌದು."

"ಅವರೇ? ಕೆಳಗೆ ಇಳಿದು?"

"ಇಳಿದು ಇಟ್ರು, ಮತ್ತೆ ಭುಜದಲ್ಲಿ ಹೊತ್ತುಕೊಂಡು ಏರು ನಡೆದ್ರು."

ಅವನು ಸ್ವಲ್ಪ ಹೊತ್ತು ಬೂಟಿನಿಂದ ನೆಲ ಕೆರೆದ. "ನನ್ನ ಸಲ ಅವರು ಪಕ್ಕದಲ್ಲಿ ಕೂತು ಬೀಡಿ ಎಳೆದದ್ದು" ಎಂದ. ಆ ದಿನ ಅವನು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಅಲ್ಲಾಹುವಿನಾಣೆ, ನನಗೆ ಲಾರಿ ಸಿಕ್ಕ ದಿನ ಸಹ ಅಷ್ಟು ಖುಷಿ ಆಗಿರಲಿಲ್ಲ.

ಗಿಲ್ಬರ್ಟ್ ಆಮೇಲೆ ಕುವೈತಿಗೆ ಹೋದ, ದೊಡ್ಡ ದೊಡ್ಡ ಟ್ರೇಲರ್ ಓಡಿಸಿದ. ಬಿಕರ್ನಕಟ್ಟೆಯಲ್ಲಿ ಮಹಡಿ ಮನೆ ಕಟ್ಟಿದ. ನನ್ನದು ಅದೇ ಹಂಚಿನ ಮನೆ. ಅವನ ಗೃಹಪ್ರವೇಶಕ್ಕೆ ಹೋಗಿ ಮೆಟ್ಟಿಲ ಮೊಸಾಯಿಕ್ ನೋಡಿದಾಗ ನನ್ನ ಹೊಟ್ಟೆ ಎಷ್ಟು ಉರಿಯಿತೆಂದರೆ ಐಸ್‌ಕ್ರೀಮ್ ತಿಂದರೂ ಆರಲಿಲ್ಲ. ಎರಡು ತಿಂದೆ.

ಅವನು ಈಗ ತಿಂಗಳಿಗೊಮ್ಮೆ ಬಸ್ಸು ಹಿಡಿದು ಉಳ್ಳಾಲಕ್ಕೆ ಬರುತ್ತಾನೆ. ಬೇರೆ ವಿಷಯ ಎಲ್ಲ ಮುಗಿದ ಮೇಲೆ, ಏಳುವ ಮೊದಲು, ಏನೋ ಮರೆತವನ ಹಾಗೆ, "ಅಲ್ಲ ಹಸನಬ್ಬ, ಅವತ್ತು ಮೋನಪ್ಪಣ್ಣ ನಿಜವಾಗಿ ಹೊತ್ತುಕೊಂಡೇ ನಡೆದದ್ದಾ?" ಎಂದು ಕೇಳುತ್ತಾನೆ. ಎಷ್ಟು ಸಲ ಕೇಳಿದ್ದಾನೆಂದು ಅವನಿಗೂ ಗೊತ್ತಿಲ್ಲ. ನಾನೂ ಪ್ರತಿ ಸಲ ಮೊದಲಿನಿಂದ ಹೇಳುತ್ತೇನೆ. ಹೇಳುತ್ತ ಹೇಳುತ್ತ ಈಗ ಆ ಏರು ಬಹಳ ಉದ್ದವಾಗಿದೆ, ಬಿಸಿಲೂ ಜಾಸ್ತಿಯಾಗಿದೆ. ಕಳೆದ ಸಲ ಒಂದು ಮಳೆಯನ್ನೂ ಸೇರಿಸಿದೆ. ಬಿಸಿಲಲ್ಲಿ ಮಳೆ ಹೇಗೆ ಬಂತೆಂದು ಗಿಲ್ಬರ್ಟ್ ಕೇಳಲಿಲ್ಲ. ತಲೆ ತಗ್ಗಿಸಿ ಕೂತು, "ನಿನ್ನ ಅದೃಷ್ಟ ಮಾರಾಯ" ಎಂದ.